ಈಮೇಲ್ ತಿದ್ದಿದ ಎಫ್‌ಬಿಐ ವಕೀಲನಿಗೆ ಜೈಲು ಯಾಕಾಗಲಿಲ್ಲ?

ತುಮಕೂರು ಜೂನಿಯರ್:
ಅಫಿಡವಿಟ್‌ನಲ್ಲಿ ಒಂದು ತಾರೀಖು ತಪ್ಪಿದರೂ ನಮ್ಮ ಸೀನಿಯರ್ ಕೂಗಾಡುತ್ತಾರೆ. ಅಮೆರಿಕದಲ್ಲಿ ಎಫ್‌ಬಿಐ ವಕೀಲ ಕೆವಿನ್ ಕ್ಲೈನ್‌ಸ್ಮಿತ್ 2017ರಲ್ಲಿ ಗುಪ್ತಚರ ಸಂಸ್ಥೆ ಸಿಐಎಯ ಈಮೇಲನ್ನೇ ತಿದ್ದಿದ. ಟ್ರಂಪ್ ಪ್ರಚಾರ ತಂಡ ಮತ್ತು ರಷ್ಯಾ ನಂಟಿನ ತನಿಖೆ ಅದು. 2020ರಲ್ಲಿ ತಪ್ಪೊಪ್ಪಿಕೊಂಡ. ಆದರೂ ಜೈಲಿಲ್ಲ! ರಾಜಕೀಯ ಅಲ್ವಾ?

ಶಿರಾ ಗೇಟ್ ವಕೀಲ:
ತಮ್ಮಾ, ಸುಮ್ನೆ ರಾಜಕೀಯ ಅನ್ನಬೇಡ. ಟ್ರಂಪ್ ಪ್ರಚಾರ ತಂಡದ ಮಾಜಿ ಸಲಹೆಗಾರ ಕಾರ್ಟರ್ ಪೇಜ್ ಮೇಲೆ ಗುಪ್ತ ನಿಗಾ ಮುಂದುವರಿಸಲು ಅರ್ಜಿ ತಯಾರಾಗುತ್ತಿತ್ತು. ಪೇಜ್ ಹಿಂದೆ ಸಿಐಎಗೆ ಮಾಹಿತಿ ಕೊಟ್ಟವರು. ಅದು ಗೊತ್ತಾದರೆ ಅವರ ರಷ್ಯಾ ಒಡನಾಟಕ್ಕೆ ಬೇರೆ ಅರ್ಥ ಬರುತ್ತದೆ. ಕ್ಲೈನ್‌ಸ್ಮಿತ್ ಈಮೇಲಿಗೆ 'ಮಾಹಿತಿದಾರ ಅಲ್ಲ' ಎಂದು ಸೇರಿಸಿದ. ಸರ್ಕಾರಿ ಪ್ರಾಸಿಕ್ಯೂಟರ್‌ಗಳು ಜೈಲನ್ನೇ ಕೇಳಿದ್ದರು. ಜಡ್ಜ್ ಬೋಸ್‌ಬರ್ಗ್ 2021ರ ಜನವರಿಯಲ್ಲಿ 12 ತಿಂಗಳ ಪ್ರೊಬೇಷನ್ (ಜೈಲಿಲ್ಲದೆ ಹೊರಗೇ ನಿಗಾದಲ್ಲಿರುವುದು), 400 ಗಂಟೆ ಸಮುದಾಯ ಸೇವೆ ವಿಧಿಸಿದರು. ಬರೆದದ್ದು ನಿಜ ಅಂತಲೇ ನಂಬಿದ್ದೆ ಎಂಬ ಆತನ ಮಾತನ್ನು ಒಪ್ಪಿದರು. ನನಗಂತೂ ಶಿಕ್ಷೆ ಕಡಿಮೆ ಅನ್ನಿಸಿತು.

ಗುಬ್ಬಿ ಓದುಗ:
ನಮ್ಮ ದೇಶದಲ್ಲಿ ಹೀಗಾಗಿದ್ದರೆ ಸರ್?

ಶಿರಾ ಗೇಟ್ ವಕೀಲ:
ಸರ್ಕಾರಿ ಕೆಲಸದ ಭಾಗವಾಗಿ ಮಾಡಿದ್ದು ಅಂತಾದರೆ, ಕೇಸು ನಡೆಸಲು ಬಿಎನ್‌ಎಸ್‌ಎಸ್ (ನಮ್ಮ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು) 218ನೇ ಸೆಕ್ಷನ್ ಅಡಿ ಮೊದಲು ಸರ್ಕಾರದ ಅನುಮತಿ ಬೇಕಾಗಬಹುದು. ದಾಖಲೆ ತಿದ್ದುವುದು ಯಾವ ಕರ್ತವ್ಯ ಅಂತ ವಾದ ಶುರುವಾಗುತ್ತದೆ. ಅದೇ ವರ್ಷಗಟ್ಟಲೆ ಎಳೆಯಬಹುದು.

ತುಮಕೂರು ಜೂನಿಯರ್:
ಹಾಗಾದರೆ ಆತನ ವಕೀಲಿಕೆ ಸನದು ಏನಾಯಿತು?

ಶಿರಾ ಗೇಟ್ ವಕೀಲ:
ಸ್ವಲ್ಪ ಕಾಲ ಅಮಾನತಾಗಿತ್ತು. ರದ್ದಾಗಲಿಲ್ಲ.