ಟೈರ್ ಗಾಳಿ ನೋಡೋ ಗೇಜ್ ಯಾವ್ದು ತಗೋಬೇಕು? ಟೈರ್ ಅಂಗಡಿ ಅಣ್ಣನ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಮಳೆ ಶುರುವಾದಾಗಿಂದ ಗ್ರೂಪಲ್ಲಿ ದಿನಾ ಟೈರ್ ಗಾಳಿ ವಿಷ್ಯನೇ ನಡೀತಿದೆ. ಅದಕ್ಕೆ ಮೈಸೂರು ರೋಡಲ್ಲಿ ಟೈರ್ ಅಂಗಡಿ ನಡೆಸೋ ನಮ್ ಗ್ರೂಪಿನ ಅಣ್ಣ ಇವತ್ತು ಬೆಳಿಗ್ಗೆ 10ರಿಂದ ಉತ್ತರ ಕೊಡ್ತಾರೆ. ಗೇಜ್ ಬಗ್ಗೆ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ವಿಜಯನಗರ ಹ್ಯಾಚ್‌ಬ್ಯಾಕ್: ಅಣ್ಣಾ ನಮಸ್ತೆ, ಬಂಕಲ್ಲಿ ಫ್ರೀಯಾಗಿ ಗಾಳಿ ಹಿಡೀತಾರಲ್ಲ, ಮತ್ತೆ ದುಡ್ಡು ಕೊಟ್ಟು ಗೇಜ್ ಯಾಕೆ? ತಗೊಳ್ಳೋದಾದ್ರೆ ಪೆನ್ ತರದ್ದಾ, ಮುಳ್ಳಿಂದಾ, ಡಿಜಿಟಲ್ಲಾ?

ಟೈರ್ ಅಂಗಡಿ: ನಮಸ್ತೆ. ಬಂಕಿಗೆ ನೀವು ಗಾಡಿ ಓಡಿಸ್ಕೊಂಡೇ ತಾನೇ ಹೋಗೋದು, ಅಷ್ಟೊತ್ತಿಗೆ ಟೈರ್ ಬಿಸಿ ಆಗಿರತ್ತೆ. ಡ್ರೈವರ್ ಡೋರ್ ತೆಗೆದ್ರೆ ಪಕ್ಕದ ಕಂಬದಲ್ಲಿ ಒಂದು ಸ್ಟಿಕರ್ ಇರತ್ತೆ, ಕೆಲವು ಗಾಡೀಲಿ ಪೆಟ್ರೋಲ್ ಮುಚ್ಚಳದ ಒಳಗಿರತ್ತೆ, ಅದ್ರಲ್ಲಿರೋ ನಂಬರ್ ತಣ್ಣಗಿರೋ ಟೈರಿಗೆ. ತಣ್ಣಗೆ ಅಂದ್ರೆ ಗಾಡಿ ಕನಿಷ್ಠ 3 ಗಂಟೆ ನಿಂತಿರ್ಬೇಕು, ಇಲ್ಲಾ ಒಂದೂವರೆ ಕಿಲೋಮೀಟರ್ ಒಳಗೆ ಮೆಲ್ಲಗೆ ಓಡಿರ್ಬೇಕು. ರಿಂಗ್ ರೋಡಲ್ಲಿ ಅರ್ಧ ಗಂಟೆ ಓಡಿಸ್ಕೊಂಡು ಬಂದ್ರೆ 4-5 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಜಾಸ್ತಿ ತೋರಿಸತ್ತೆ. ಆ ಬಿಸೀಲಿ 33 ಮಾಡಿಸ್ಕೊಂಡು ಮನೆಗೆ ಬಂದ್ರೆ ಮಾರನೇ ದಿನ ಬೆಳಿಗ್ಗೆ ಟೈರಲ್ಲಿರೋದು 28-29. ಅದಕ್ಕೇ ಸ್ವಂತ ಗೇಜ್ ಬೇಕು, ಬೆಳಿಗ್ಗೆ ಗಾಡಿ ತೆಗೆಯೋಕೆ ಮುಂಚೆ ಮನೆ ಮುಂದೇನೇ ನೋಡ್ಬೋದು.

ಪೆನ್ ತರದ್ದರಲ್ಲಿ ಸ್ಪ್ರಿಂಗ್ ಇರತ್ತೆ, ಗಾಳಿ ತಳ್ಳಿದಷ್ಟು ಕಡ್ಡಿ ಆಚೆ ಬರತ್ತೆ, ಬ್ಯಾಟರಿ ಬೇಡ, ಆದ್ರೆ ಗೆರೆ ತುಂಬಾ ಹತ್ತಿರ, ಧೂಳು ಹೋದ್ರೆ ಕಡ್ಡಿ ಹಿಡ್ಕೊಳತ್ತೆ. ಡಿಕ್ಕೀಲಿ ಎಕ್ಸ್‌ಟ್ರಾ ಇಟ್ಕೊಳ್ಳೋಕೆ ಸರಿ. ಮುಳ್ಳಿಂದು ಅಂದ್ರೆ ಒಳಗೆ ಬಗ್ಗಿಸಿದ ಲೋಹದ ಕೊಳವೆ, ಗಾಳಿ ಹೋದ್ರೆ ಅದು ನೆಟ್ಟಗಾಗೋಕೆ ನೋಡತ್ತೆ, ಆ ಎಳೆತಕ್ಕೆ ಮುಳ್ಳು ತಿರುಗತ್ತೆ. 1849ರಲ್ಲಿ ಫ್ರಾನ್ಸಿನ ಬೂರ್ದೋನ್ ಮಾಡಿದ್ದು, ಇವತ್ತಿಗೂ ಅದೇ. ಒಂದೇ ತೊಂದ್ರೆ, ಕೆಳಗೆ ಬೀಳಿಸಿದ್ರೆ ಕೊಳವೆ ಅಲುಗಿ ಲೆಕ್ಕ ತಪ್ಪತ್ತೆ. ಡಿಜಿಟಲ್ ಕತ್ತಲೆ ಬೇಸ್‌ಮೆಂಟಲ್ಲೂ ಓದ್ಬೋದು, ಆದ್ರೆ 33.4 ಅಂತ ತೋರಿಸ್ತು ಅಂತ ಆ .4 ಸರಿ ಇದೆ ಅಂತ ಅಂದ್ಕೋಬೇಡಿ.

ಎಲ್ಲಕ್ಕಿಂತ ಜನ ತಪ್ಪೋದು ಸ್ಕೇಲಲ್ಲಿ. 150ರ ತನಕ ಇರೋ ದೊಡ್ಡ ಡಯಲ್ ಕಾರಿಗೆ ತಗೋಬೇಡಿ. ಗೇಜಿನ ತಪ್ಪು ಸಾಮಾನ್ಯವಾಗಿ ಪೂರ್ತಿ ಸ್ಕೇಲಿನ ಮೇಲೆ ಲೆಕ್ಕ. 2% ಅಂತ ಬರೆದಿದ್ರೆ 60ರ ಡಯಲಲ್ಲಿ 1.2 ಹೆಚ್ಚುಕಮ್ಮಿ, 150ರದ್ದರಲ್ಲಿ 3. ಕಾರಿಗೆ 60ರದ್ದು ಸಾಕು, 33 ಅಂದ್ರೆ ಮುಳ್ಳು ಮಧ್ಯದಲ್ಲೇ ನಿಲ್ಲತ್ತೆ, ಈ ಗೇಜುಗಳು ಸರಿಯಾಗಿ ತೋರಿಸೋದೂ ಅಲ್ಲೇ. ಗಿಡ್ಡ ಪೈಪು, ಗಾಳಿ ಬಿಡೋ ಬಟನ್ ಇದ್ರೆ ಇನ್ನೂ ಒಳ್ಳೇದು.

ಎಚ್‌ಎಸ್‌ಆರ್ ಆಟೋಮ್ಯಾಟಿಕ್: ಯಾವ ಕಂಪನಿ ಅಣ್ಣಾ? ಲಿಂಕ್ ಇದ್ರೆ ಕಳ್ಸಿ.

ಟೈರ್ ಅಂಗಡಿ: ಕಂಪನಿ ಹೆಸರು ಹೇಳಲ್ಲ. ಸ್ಕೇಲ್ ನೋಡಿ ತಗೊಳ್ಳಿ. ಜೆಸಿ ರೋಡಿಗೆ ಹೋದ್ರೆ ಕೈಯಲ್ಲಿ ಹಿಡಿದು ನೋಡ್ಬೋದು.

ಯಲಹಂಕ ಎಸ್‌ಯುವಿ: ನಮ್ ಕಾರಲ್ಲಿ ಟಿಪಿಎಮ್‌ಎಸ್ (ಟೈರ್ ಗಾಳಿ ಕಮ್ಮಿ ಆದ್ರೆ ಲೈಟ್ ಹತ್ತಿಸಿ ಹೇಳೋ ವ್ಯವಸ್ಥೆ) ಇದೆ, ಆದ್ರೂ ಗೇಜ್ ಬೇಕಾ?

ಟೈರ್ ಅಂಗಡಿ: ಬೇಕು. ಅಮೆರಿಕದ ಕಾನೂನಲ್ಲೇ ಗಾಳಿ 25% ಇಳಿದ ಮೇಲೆ ಲೈಟ್ ಹತ್ತಿದ್ರೆ ಸಾಕು ಅಂತಿದೆ. 33ಕ್ಕೆ ಅಂದ್ರೆ 25ರ ಹತ್ರ. ಅಲ್ಲೀ ತನಕ ಕಾಯ್ತೀರಾ? ಕೆಲವು ಕಾರಲ್ಲಿ ಟೈರಲ್ಲಿ ಸೆನ್ಸರೇ ಇರಲ್ಲ, ಎಬಿಎಸ್ (ಬ್ರೇಕ್ ಹಾಕ್ದಾಗ ಚಕ್ರ ಜಾಮ್ ಆಗದ ಹಾಗೆ ನೋಡೋ ವ್ಯವಸ್ಥೆ) ಕಡೆಯಿಂದ ಚಕ್ರ ತಿರುಗೋ ಲೆಕ್ಕ ಹಾಕತ್ತೆ, ನಾಲ್ಕರಲ್ಲೂ ಸಮವಾಗಿ ಇಳಿದ್ರೆ ಅದಕ್ಕೆ ಗೊತ್ತಾಗ್ದೇ ಇರ್ಬೋದು.

ಕೆಂಗೇರಿ ಬಿಳಿ ಕಾರು: ಅಣ್ಣಾ ನನ್ ಹತ್ರ ಎರಡು ಗೇಜ್ ಇದೆ, ಎರಡೂ ಕೆಟ್ಟಿದೆ ಅನ್ಸತ್ತೆ, ಮೂರನೇದು ಯಾವ್ದು ತಗೊಳ್ಳಿ ಹೇಳಿ. ಬಂಕಲ್ಲಿ 35 ಅಂತಾರೆ, ಬೆಳಿಗ್ಗೆ ಪೆನ್ ಗೇಜ್ 31 ಅನ್ನತ್ತೆ, ಡಿಜಿಟಲ್ 32.4. ಅದೂ ಮುಂದಿನ ಎಡಗಡೆ ಟೈರಿಗೆ ಮೂರು ದಿನ ಬಿಟ್ಟು ನೋಡಿದ್ರೆ ಎರಡೂ 28-29 ಅನ್ನತ್ತೆ, ಬೇರೆ ಮೂರು ಟೈರಿಗೆ ಸರಿಯಾಗೇ ತೋರಿಸತ್ತೆ. ಬುಧವಾರ ಫ್ಯಾಮಿಲಿ ಜೊತೆ ಧರ್ಮಸ್ಥಳ ಹೊರಟಿದೀವಿ, ಅಷ್ಟರಲ್ಲಿ ಒಳ್ಳೇ ಗೇಜ್ ಬೇಕಿತ್ತು.

ಟೈರ್ ಅಂಗಡಿ: ಉಳಿದೋರು ಸ್ವಲ್ಪ ಇರಿ, ಮೊದ್ಲು ಇವರದ್ದು. ಸಾರ್, ನಿಮ್ ಗೇಜ್ ಎರಡೂ ಕೆಟ್ಟಿಲ್ಲ. ಬಂಕಿಂದು 35 ಬಂದಿದ್ದು ಬಿಸಿ ಟೈರಿಗೆ, ಅದನ್ನ ಪಕ್ಕಕ್ಕಿಡಿ. ಪೆನ್ನಿಗೂ ಡಿಜಿಟಲಿಗೂ ಒಂದೂವರೆ ವ್ಯತ್ಯಾಸ ಇರತ್ತೆ, ಬೇರೆ ಬೇರೆ ಗೇಜಲ್ಲಿ ಅಷ್ಟು ಮಾಮೂಲಿ. ಗೇಜ್ ಕೆಟ್ಟಿದ್ರೆ ನಾಲ್ಕೂ ಟೈರಿಗೆ ತಪ್ಪು ತೋರಿಸ್ಬೇಕಿತ್ತು. ಮೂರಕ್ಕೆ ಸರಿ, ಒಂದಕ್ಕೆ ಮಾತ್ರ ಇಳೀತಿದೆ ಅಂದ್ರೆ ತೊಂದ್ರೆ ಟೈರಲ್ಲಿದೆ. ಚೆನ್ನಾಗಿರೋ ಟೈರಲ್ಲಿ ತಿಂಗಳಿಗೆ ಒಂದು ಪಿಎಸ್‌ಐ ಆಸುಪಾಸು ಇಳಿಯೋದು, ನಿಮ್ದು ಮೂರು ದಿನಕ್ಕೆ ಮೂರು. ಇತ್ತೀಚೆಗೆ ಆ ಕಡೆ ಚಕ್ರ ಗುಂಡಿಗೆ ಇಳಿಸಿದ್ರಾ? ಟೈರಿನ ಪಕ್ಕದ ಗೋಡೆ ಮೇಲೆ ಅಂಗೈ ಇಟ್ಟು ಸುತ್ತಾ ಸವರಿ ನೋಡಿ, ಒಳಗಡೆ ಮುಖಾನೂ. ಫೋಟೋ ಹಾಕಿ.

ಕೆಂಗೇರಿ ಬಿಳಿ ಕಾರು: ಹೌದು ಅಣ್ಣಾ, ಹತ್ತು ದಿನದ ಹಿಂದೆ ರಾತ್ರಿ ಮಳೇಲಿ ನಾಯಂಡಹಳ್ಳಿ ಹತ್ರ ನೀರು ತುಂಬಿತ್ತು, ಗುಂಡಿ ಕಾಣ್ಲಿಲ್ಲ, ದಢಾರ್ ಅಂತು. ಸವರಿ ನೋಡಿದೆ, ನಿಂಬೆಹಣ್ಣಿನ ಅರ್ಧದಷ್ಟು ಉಬ್ಬಿದೆ. ಫೋಟೋ ಹಾಕಿದೀನಿ. ಪಕ್ಕದ್ಮನೆಯವರು ಇದಕ್ಕೆ ಗಾಳಿ 26ಕ್ಕೆ ಇಳಿಸಿ ಓಡಿಸಿದ್ರೆ ಉಬ್ಬು ತಾನೇ ಕೂತ್ಕೊಳತ್ತೆ ಅಂತ ಒಂದು ಮೆಸೇಜ್ ಕಳಿಸಿದ್ರು.

ಟೈರ್ ಅಂಗಡಿ: ಫೋಟೋ ನೋಡಿದೆ. ಆ ಗಾಡಿ ಇನ್ನು ಓಡಿಸ್ಬೇಡಿ. ಬುಧವಾರ ಬಿಡಿ, ಇವತ್ತು ತರಕಾರಿ ತರೋಕೂ ಬೇಡ. ಗುಂಡಿ ಅಂಚಿಗೂ ರಿಮ್ಮಿಗೂ ಮಧ್ಯೆ ಟೈರ್ ಗೋಡೆ ಸಿಕ್ಕಿ ಜಜ್ಜಿದೆ, ರಬ್ಬರ್ ಒಳಗಿರೋ ದಾರ ತುಂಡಾಗಿದೆ. ಗಾಳೀನ ತಡ್ಕೊಳ್ಳೋದು ಆ ದಾರ, ರಬ್ಬರ್ ಅಲ್ಲ. ಈಗ ಆ ಜಾಗದಲ್ಲಿ ಬರೀ ರಬ್ಬರ್ ತಡ್ಕೊಂಡಿದೆ, ಅದಕ್ಕೇ ಉಬ್ಬಿರೋದು. ಇದು ಯಾವಾಗ ಒಡೆಯತ್ತೆ ಅಂತ ಯಾರೂ ಹೇಳೋಕಾಗಲ್ಲ. ಶಿರಾಡಿ ಘಾಟಲ್ಲಿ ತಿರುವಿನ ಮೇಲೆ, ಗಾಡಿ ತುಂಬ ಮಕ್ಕಳು ಲಗೇಜು ಇದ್ದಾಗ ಮುಂದಿನ ಟೈರ್ ಹೋದ್ರೆ ಸ್ಟೀರಿಂಗ್ ನಿಮ್ ಮಾತು ಕೇಳಲ್ಲ. ಗೋಡೆಗೆ ಪ್ಯಾಚ್ ಇಲ್ಲ. ಪಂಕ್ಚರ್ ಹಾಕೋದು ರೋಡಿಗೆ ತಾಗೋ ಭಾಗಕ್ಕೆ ಮಾತ್ರ, ಅದೂ ತೂತು 6 ಮಿಲಿಮೀಟರ್ ಒಳಗಿದ್ರೆ. ಯಾರಾದ್ರೂ ಹಾಕಿಕೊಡ್ತೀನಿ ಅಂದ್ರೆ ಆ ಅಂಗಡಿಯಿಂದ ಎದ್ದು ಬನ್ನಿ.

ಗಾಳಿ 26ಕ್ಕೆ ಇಳಿಸೋ ಮೆಸೇಜ್ ಕಳಿಸಿದೋರಿಗೆ ನನ್ ಕಡೆಯಿಂದ ಹೇಳಿ, ಅದನ್ನ ಡಿಲೀಟ್ ಮಾಡೋಕೆ. ಗಾಳಿ ಕಮ್ಮಿ ಆದ್ರೆ ಟೈರ್ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಬಗ್ಗತ್ತೆ, ಬಗ್ಗಿದಷ್ಟೂ ಬಿಸಿ, ಬಿಸಿ ಆದಷ್ಟೂ ಉಳಿದ ದಾರಾನೂ ಬಿಡತ್ತೆ. ಉಬ್ಬು ಸಣ್ಣದಾಗಿ ಕಾಣ್ಬೋದು, ಹರಿದಿರೋ ದಾರ ಮತ್ತೆ ಕೂಡಲ್ಲ. ಇನ್ನೊಂದು, ಕೆಲವು ಟೈರ್ ಗೋಡೇಲಿ ಒಳಗೆ ತಗ್ಗಿದ ಸಣ್ಣ ಗೆರೆ ಇರತ್ತೆ, ಅದು ಪದರ ಜೋಡಿಸಿದ ಜಾಗ, ಅದಕ್ಕೆ ಹೆದರ್ಬೇಡಿ. ಆಚೆ ಉಬ್ಬಿದ್ರೆ ಮಾತ್ರ ಅಪಾಯ. ಗಾಳಿ ಇಳೀತಿರೋದು ರಿಮ್ ಬೆಂಡ್ ಆಗಿರೋದ್ರಿಂದ ಇರ್ಬೋದು, ಅದನ್ನೂ ನೋಡ್ಬೇಕು. ಸ್ಟೆಪ್ನಿ ಹೇಗಿದೆ? ಅದರ ಗಾಳಿ ನೋಡಿ, ಗೋಡೆ ಮೇಲೆ ಡಾಟ್ ಅಂತ ಇರೋ ಸಾಲಿನ ಕೊನೇಲಿ ನಾಲ್ಕಂಕಿ ಇರತ್ತೆ, ಅದನ್ನ ಓದಿ ಹೇಳಿ.

ಎಚ್‌ಎಸ್‌ಆರ್ ಆಟೋಮ್ಯಾಟಿಕ್: ಇಷ್ಟೆಲ್ಲಾ ತಲೆನೋವು ಯಾಕೆ, ನೈಟ್ರೋಜನ್ ಹಾಕ್ಸಿ, ಬೇಸಿಗೇಲೂ ಪ್ರೆಶರ್ ಏರಲ್ಲ, ಗೇಜೇ ಬೇಡ.

ಟೈರ್ ಅಂಗಡಿ: ನನ್ ಅಂಗಡೀಲೂ ನೈಟ್ರೋಜನ್ ಇದೆ, ದುಡ್ಡು ತಗೊಂಡೇ ಹಾಕ್ತೀನಿ, ಆದ್ರೂ ಹೇಳ್ತೀನಿ. ಸಾದಾ ಗಾಳೀಲೇ 78% ನೈಟ್ರೋಜನ್. ಒಳಗೆ ತೇವ ಇರಲ್ಲ, ಸ್ವಲ್ಪ ನಿಧಾನ ಇಳಿಯತ್ತೆ, ಲಾಭ ಅಷ್ಟೇ. ಬಿಸಿ ಆದ್ರೆ ಅದೂ ಏರತ್ತೆ. ಗೇಜ್ ಬೇಕೇ ಬೇಕು.

ಮಲ್ಲೇಶ್ವರ ಮೇಷ್ಟ್ರು: ಸರಿಯಾಗಿ ಹೇಳಿದ್ರಿ. 10 ಡಿಗ್ರಿ ಸೆಲ್ಸಿಯಸ್ ಏರಿದ್ರೆ ಸುಮಾರು ಒಂದೂವರೆ ಪಿಎಸ್‌ಐ ಏರತ್ತೆ, ಯಾವ ಗಾಳಿ ಆದ್ರೂ. ಎತ್ತರದ ಲೆಕ್ಕಾನೂ ಇದೆ. ಬೆಂಗಳೂರು 920 ಮೀಟರ್ ಎತ್ತರ, ಹೊರಗಿನ ಗಾಳಿ ಒತ್ತಡ ಇಲ್ಲಿ 13.2ರ ಹತ್ರ, ಸಮುದ್ರದ ಮಟ್ಟದಲ್ಲಿ 14.7. ಗೇಜ್ ತೋರಿಸೋದು ಒಳಗಿಗೂ ಹೊರಗಿಗೂ ಇರೋ ವ್ಯತ್ಯಾಸ. ಇಲ್ಲಿ 33 ಹಾಕಿಸ್ಕೊಂಡು ಮಂಗಳೂರಿಗೆ ಇಳಿದ್ರೆ 31.5 ತೋರಿಸತ್ತೆ.

ಎಚ್‌ಎಸ್‌ಆರ್ ಆಟೋಮ್ಯಾಟಿಕ್: ಸುಳ್ಳು. ನಾನು ತಿಂಗಳಿಗೊಂದ್ಸಲ ಮಂಗಳೂರಿಗೆ ಹೋಗ್ತೀನಿ, 33 ಹಾಕಿದ್ರೆ ಅಲ್ಲೂ ಬೆಳಿಗ್ಗೆ 32 ಚಿಲ್ರೆ ಇರತ್ತೆ. ಪುಸ್ತಕ ಬಿಟ್ಟು ರೋಡಿಗೆ ಬನ್ನಿ ಮೇಷ್ಟ್ರೇ.

ಮಲ್ಲೇಶ್ವರ ಮೇಷ್ಟ್ರು: ಸುಳ್ಳು ಅನ್ನೋಕೆ ಮುಂಚೆ ಪೂರ್ತಿ ಯೋಚ್ನೆ ಮಾಡ್ಬೇಕು. ಮಂಗಳೂರಲ್ಲಿ ಬೆಳಿಗ್ಗೆನೂ ಇಲ್ಲಿಗಿಂತ ಆರೇಳು ಡಿಗ್ರಿ ಬಿಸಿ, ಅದು ಒಂದು ಪಿಎಸ್‌ಐ ವಾಪಸ್ ಏರಿಸತ್ತೆ. ನಿಮ್ 32 ಚಿಲ್ರೆ ನನ್ ಮಾತನ್ನೇ ಸರಿ ಅಂತಿದೆ.

ಎಚ್‌ಎಸ್‌ಆರ್ ಆಟೋಮ್ಯಾಟಿಕ್: ಈಗ ಮಾತು ಬದಲಾಯಿಸ್ಬೇಡಿ. ಮೊದ್ಲು 31.5 ಅಂದ್ರಿ.

ವಿಜಯನಗರ ಹ್ಯಾಚ್‌ಬ್ಯಾಕ್: ಗುರು, ಅವ್ರು ವಯಸ್ಸಲ್ಲಿ ದೊಡ್ಡೋರು, ಸ್ವಲ್ಪ ನೋಡ್ಕೊಂಡು ಮಾತಾಡು.

ಎಚ್‌ಎಸ್‌ಆರ್ ಆಟೋಮ್ಯಾಟಿಕ್: ವಯಸ್ಸಿಗೂ ಪ್ರೆಶರಿಗೂ ಏನ್ ಸಂಬಂಧ? ನೀನ್ಯಾಕೆ ಮಧ್ಯೆ ಬರ್ತೀಯ?

ಬನಶಂಕರಿ ಹೊಸ ಡ್ರೈವರ್: ಅಣ್ಣಾ, ನನ್ ಡಯಲಲ್ಲಿ ಪಿಎಸ್‌ಐ ಇಲ್ಲ, ಬಾರ್ ಇದೆ. 33ಕ್ಕೆ ಎಷ್ಟು? ಮತ್ತೆ ಟೈರ್ ಮೇಲೆ ಗರಿಷ್ಠ 44 ಅಂತಿದೆ, ಅಷ್ಟು ಹಾಕ್ಬೇಕಾ?

ಟೈರ್ ಅಂಗಡಿ: 1 ಬಾರ್ ಅಂದ್ರೆ 14.5 ಪಿಎಸ್‌ಐ. 33ಕ್ಕೆ 2.3. ಟೈರ್ ಮೇಲಿರೋದು ಟೈರ್ ತಡ್ಕೊಳ್ಳೋ ಮಿತಿ, ನಿಮ್ ಕಾರಿಗೆ ಹಾಕೋ ಲೆಕ್ಕ ಅಲ್ಲ. ಡೋರ್ ಸ್ಟಿಕರ್ ನೋಡಿ.

ಯಶವಂತಪುರ ಬೈಕು: ಇದೇ ಗೇಜ್ ಬುಲೆಟ್ಟಿಗೂ ಆಗತ್ತಾ ಅಣ್ಣಾ?

ಜೆಪಿ ನಗರ ಸೆಡಾನ್: ಬಂದಿದ್ದನ್ನ ಹಾಕ್ತಿದೀನಿ, ಎಲ್ರೂ ಓದಿ. "ಬೇಸಿಗೆಯಲ್ಲಿ ಟೈರ್ ಒಡೆಯದಿರಲು ನಿಗದಿಗಿಂತ 5 ಪಿಎಸ್‌ಐ ಕಡಿಮೆ ಗಾಳಿ ಹಾಕಿಸಿ, ಎಲ್ಲಾ ಗ್ರೂಪಿಗೂ ಕಳಿಸಿ, ಒಂದು ಜೀವ ಉಳಿಸಿ."

ಟೈರ್ ಅಂಗಡಿ: ಇದನ್ನೇ ಒಂದು ಗಂಟೆ ಮುಂಚೆ ಕೆಂಗೇರಿಯವರಿಗೆ ಬಿಡಿಸಿ ಬರ್ದೆ. ಓದಿದ್ರಾ? ಗಾಳಿ ಕಮ್ಮಿ ಇದ್ರೇನೇ ಟೈರ್ ಬಿಸಿ ಆಗಿ ಒಡೆಯೋದು. ಓಡುವಾಗ ನಾಲ್ಕೈದು ಏರತ್ತೆ ಅಂತ ಗೊತ್ತಿದ್ದೇ ಕಂಪನಿಯವರು ಸ್ಟಿಕರಲ್ಲಿ ತಣ್ಣಗಿನ ನಂಬರ್ ಬರೆದಿರ್ತಾರೆ. ಬೇಸಿಗೇಲಿ ನನ್ ಅಂಗಡಿಗೆ ಬರೋ ಟೈರ್ ಒಳಗೆ ಕೈ ಹಾಕಿದ್ರೆ ಸವೆದ ರಬ್ಬರ್ ಪುಡಿ ಹಿಡಿ ತುಂಬ ಬರತ್ತೆ, ಎಲ್ಲಾ ಕಮ್ಮಿ ಗಾಳೀಲಿ ಓಡಿಸಿದ್ದು. ಇಂಥ ಮೆಸೇಜ್ ನಂಬಿದೋರು ಹೈವೇಲಿ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು 100ರಲ್ಲಿ ಹೋಗ್ತಿರ್ತಾರೆ. ದಯವಿಟ್ಟು ತೆಗೀರಿ ಅದನ್ನ.

ಜೆಪಿ ನಗರ ಸೆಡಾನ್: ಒಳ್ಳೇದಾಗ್ಲಿ ಅಂತ ಹಾಕಿದ್ದು, ಇಷ್ಟು ಕೋಪ ಯಾಕೆ?

ಟೈರ್ ಅಂಗಡಿ: ತೆಗೀರಿ.

ಎಚ್‌ಎಸ್‌ಆರ್ ಆಟೋಮ್ಯಾಟಿಕ್: ಅಣ್ಣಾ ಕೊನೇದಾಗಿ, ಡಿಜಿಟಲ್ ಒಳ್ಳೇದಾ ಮುಳ್ಳಿಂದಾ?

ಟೈರ್ ಅಂಗಡಿ: ಮೇಲಿದೆ.

ರಾಜಾಜಿನಗರ ಡೀಸೆಲ್: ಯಾವ ಗೇಜ್ ಒಳ್ಳೇದು ಸಾರ್?

ಟೈರ್ ಅಂಗಡಿ: ಮೇಲಿದೆ ಸಾರ್.

ಅಡ್ಮಿನ್: ಮಂಗಳೂರು ಲೆಕ್ಕದ ಜಗಳ ಇನ್ನೂ ನಡೀತಿದೆ, 14 ಮೆಸೇಜ್ ತೆಗ್ದಿದೀನಿ. ಇಬ್ರೂ ನಾಳೆ ತನಕ ಬರೀಬೇಡಿ.

ಕೆಂಗೇರಿ ಬಿಳಿ ಕಾರು: ಅಣ್ಣಾ ಸ್ಟೆಪ್ನಿ ತೆಗೆದು ನೋಡಿದೆ. ಗಾಳಿ ಎರಡು ಗೇಜಲ್ಲೂ 14ರ ಹತ್ರ. ನಂಬರ್ 2313 ಅಂತಿದೆ. ಟೈರ್ ಒಂದ್ಸಲಾನೂ ಹಾಕಿಲ್ಲ, ಹೊಸದರ ಹಂಗೇ ಇದೆ.

ಟೈರ್ ಅಂಗಡಿ: ಅಂದ್ರೆ 2013ರ 23ನೇ ವಾರದ್ದು. ಓಡದೇ ಇದ್ರೂ ರಬ್ಬರಿಗೆ ವಯಸ್ಸಾಗತ್ತೆ. ಅದರಲ್ಲಿ ಘಾಟ್ ಬೇಡ, 14ರಲ್ಲಿ ಅಂಗಡಿ ತನಕ ಬರೋದೂ ಬೇಡ. ಗಾಡಿ ಮನೇಲೇ ಇರ್ಲಿ. ಹುಡುಗನ್ನ ಕಳಿಸ್ತೀನಿ, ಜ್ಯಾಕ್ ಹಾಕಿ ಆ ಚಕ್ರ ಬಿಚ್ಕೊಂಡು ಬರ್ತಾನೆ, ಸ್ಟೆಪ್ನೀನೂ ಕೊಟ್ಟು ಕಳ್ಸಿ. ರಿಮ್ ಚೆಕ್ ಮಾಡಿ ಫೋನ್ ಮಾಡ್ತೀನಿ. ಮುಂದಿನ ಬಲಗಡೆ ಟೈರ್ ಎಷ್ಟು ಸವೆದಿದೆ ಅಂತಾನೂ ನೋಡ್ಬೇಕು, ಮುಂದೆ ಒಂದು ಹೊಸದು ಒಂದು ಹಳೇದು ಹಾಕೋದು ಬೇಡ.

ಕೆಂಗೇರಿ ಬಿಳಿ ಕಾರು: ಸರಿ ಅಣ್ಣಾ. ಮನೇಲಿ ಹೇಳಿದೀನಿ, ಟೈರ್ ಆಗೋ ತನಕ ಹೊರಡಲ್ಲ. ಹುಡುಗ ಎಷ್ಟೊತ್ತಿಗೆ ಬರ್ತಾನೆ?

ಟೈರ್ ಅಂಗಡಿ: 5 ಗಂಟೆಗೆ. ಗೇಟ್ ಹತ್ರ ಇರಿ.