ಬಿಲಿರುಬಿನ್ ಒಂದೇ ಹೆಚ್ಚಿದ್ದರೆ ಯಕೃತ್ತು ಕೆಟ್ಟಿದೆಯೆಂದು ಅರ್ಥವೇ?

ಪ್ರಶ್ನೆ, ಬದಿಯಡ್ಕದಿಂದ:
ನನ್ನ ತಮ್ಮನಿಗೆ 26 ವರ್ಷ. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸಿದ ಎಲ್‌ಎಫ್‌ಟಿಯಲ್ಲಿ (ಲಿವರ್ ಫಂಕ್ಷನ್ ಟೆಸ್ಟ್, ಅಂದರೆ ಯಕೃತ್ತಿನ ಕೆಲಸದ ಪರೀಕ್ಷೆ) ರಕ್ತದಲ್ಲಿರುವ ಹಳದಿ ವರ್ಣದ್ರವ್ಯವಾದ ಬಿಲಿರುಬಿನ್ ಒಟ್ಟು 2.1 ಎಂದು ದಪ್ಪಕ್ಷರದಲ್ಲಿ ಬಂದಿದೆ. ಅದರಲ್ಲಿ ಡೈರೆಕ್ಟ್ 0.4. ಎಸ್‌ಜಿಪಿಟಿ 24, ಎಸ್‌ಜಿಒಟಿ 27, ಎಎಲ್‌ಪಿ 82, ಆಲ್ಬುಮಿನ್ 4.4. ಜ್ವರ, ವಾಂತಿ ಯಾವುದೂ ಇಲ್ಲ. ಆದರೂ ಕಾಮಾಲೆಯೆಂದು ತೀರ್ಮಾನಿಸಿದ ಅಮ್ಮ ಅವನಿಗೆ ಉಪ್ಪಿಲ್ಲದ ತಿಳಿಗಂಜಿಯನ್ನಷ್ಟೇ ಕೊಡುತ್ತಿದ್ದಾರೆ; ತೋಟದ ಬದಿಯಿಂದ ನೆಲನೆಲ್ಲಿ ಕಿತ್ತು ತಂದು ಅರೆದು ಕುಡಿಸುತ್ತಿದ್ದಾರೆ. ಬಲ್ಲವರು ತಿಳಿಸಬೇಕು.

ಉತ್ತರ, ಕುಂಬಳೆಯಿಂದ:
ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಈ ಪರೀಕ್ಷೆಯ ಹೆಸರೇ ದಾರಿ ತಪ್ಪಿಸುವಂಥದ್ದು. ಎಸ್‌ಜಿಪಿಟಿ, ಎಸ್‌ಜಿಒಟಿಗಳು ಯಕೃತ್ತಿನ ಕೆಲಸವನ್ನು ಅಳೆಯುವುದಿಲ್ಲ. ಜೀವಕೋಶಗಳಿಗೆ ಪೆಟ್ಟಾದಾಗ ಅವುಗಳೊಳಗಿನ ಈ ಕಿಣ್ವಗಳು ರಕ್ತಕ್ಕೆ ಸೋರುತ್ತವೆ, ಅಷ್ಟೆ. ವೈರಸ್ಸಿನಿಂದ ಬರುವ ಕಾಮಾಲೆಯಲ್ಲಿ ಅವು ಸಾಮಾನ್ಯವಾಗಿ ನೂರಾರು, ಕೆಲವೊಮ್ಮೆ ಸಾವಿರಾರು ಆಗಿರುತ್ತವೆ. ಪಿತ್ತನಾಳ ಕಟ್ಟಿಕೊಂಡರೆ ಎಎಲ್‌ಪಿ ಎಂಬ ಇನ್ನೊಂದು ಕಿಣ್ವವೂ ಡೈರೆಕ್ಟ್ ಬಿಲಿರುಬಿನ್ನೂ ಏರುತ್ತವೆ, ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ. ನಿಮ್ಮ ತಮ್ಮನ 2.1ರಲ್ಲಿ 1.7 ಇನ್‌ಡೈರೆಕ್ಟ್. ಸುಮಾರು 120 ದಿನ ಬದುಕಿದ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಇದು. ಹೊರಹಾಕಲು ಅನುವಾಗುವಂತೆ ಇದನ್ನು ಯಕೃತ್ತು ಮಾರ್ಪಡಿಸುತ್ತದೆ; ಹಾಗೆ ಮಾರ್ಪಟ್ಟದ್ದೇ ಡೈರೆಕ್ಟ್. ಆದ್ದರಿಂದ ಒಂದೋ ರಕ್ತಕಣಗಳು ಹೆಚ್ಚು ಒಡೆಯುತ್ತಿರಬೇಕು, ಇಲ್ಲವೇ ಮಾರ್ಪಡಿಸುವ ಕಿಣ್ವ ಹುಟ್ಟಿನಿಂದಲೇ ನಿಧಾನವಿರಬೇಕು. ಎರಡನೆಯದಕ್ಕೆ ಗಿಲ್ಬರ್ಟ್ ಸಿಂಡ್ರೋಮ್ ಎನ್ನುತ್ತಾರೆ. ಅದು ನಿರುಪದ್ರವಿ, ಚಿಕಿತ್ಸೆ ಬೇಡ. ಆದರೆ ಹೊಟ್ಟೆ ಖಾಲಿಯಿದ್ದರೆ ಅದರ ಅಂಕಿ ಏರುತ್ತದೆ. ಎಂದರೆ, ಅಮ್ಮನವರ ಪಥ್ಯದಿಂದಲೇ ಮುಂದಿನ ವರದಿ ಇನ್ನಷ್ಟು ಹೆಚ್ಚು ತೋರಿಸಬಹುದು.

ಉತ್ತರ, ಮಂಜೇಶ್ವರದಿಂದ:
ಎರಡು ದಿನ ಅಡಿಕೆ ಮರ ಏರಿ ಇಳಿದ ಮರುದಿನ ನನ್ನ ಎಸ್‌ಜಿಒಟಿ 96 ಬಂದಿತ್ತು. ಆ ಕಿಣ್ವ ಸ್ನಾಯುಗಳಲ್ಲೂ ಇರುತ್ತದೆಂದು ವೈದ್ಯರು ಸಿಕೆ ಎಂಬ ಸ್ನಾಯು ಕಿಣ್ವದ ಪರೀಕ್ಷೆ ಮಾಡಿಸಿದ ಮೇಲೆಯೇ ನನಗೆ ತಿಳಿದದ್ದು. ಆದರೆ ಕಿಣ್ವಗಳು ಸರಿಯಿದ್ದ ಮಾತ್ರಕ್ಕೆ ಯಕೃತ್ತು ಸರಿಯಿದೆಯೆನ್ನಲಾಗದು. ಸಿರೋಸಿಸ್ (ಯಕೃತ್ತು ಗಾಯಗೊಂಡು ಗಟ್ಟಿಯಾಗುವ ರೋಗ) ಇದ್ದವರಲ್ಲೂ ಅವು ಸಹಜವಾಗಿರಬಹುದು. ಯಕೃತ್ತು ತಯಾರಿಸುವ ಪ್ರೋಟೀನ್ ಆದ ಆಲ್ಬುಮಿನ್ನನ್ನೂ ರಕ್ತ ಹೆಪ್ಪುಗಟ್ಟುವ ಸಮಯವನ್ನೂ ಜೊತೆಗಿಟ್ಟು ನೋಡಬೇಕು.

ಪ್ರಶ್ನೆ ಕೇಳಿದವರು:
ರಕ್ತ ಕೊಟ್ಟದ್ದು 14 ಗಂಟೆ ಉಪವಾಸವಿದ್ದು, ಹೀಮೋಗ್ಲೋಬಿನ್ 14.8 ಇದೆ. ಏಕಾದಶಿಯ ಮರುದಿನ ಅಪ್ಪನ ಕಣ್ಣೂ ತುಸು ಹಳದಿಯಾಗಿರುತ್ತಿದ್ದುದು ಈಗ ನೆನಪಾಗುತ್ತಿದೆ.

ಉತ್ತರ, ಕುಂಬಳೆಯಿಂದ:
ಆ ನೆನಪನ್ನು ವೈದ್ಯರಿಗೂ ಹೇಳಿ. ರಕ್ತಕಣ ಒಡೆಯುತ್ತಿಲ್ಲವೆಂದು ಖಚಿತಪಡಿಸಲು ರೆಟಿಕ್ಯುಲೊಸೈಟ್ (ಹೊಸದಾಗಿ ಹುಟ್ಟಿದ ಕೆಂಪು ರಕ್ತಕಣ) ಎಣಿಕೆ ಮಾಡಿಸಬೇಕೇ ಎಂದು ಕೇಳಿ. ಅರಿವಳಿಕೆ ಕೊಡುವವರಿಗೂ ವರದಿ ತೋರಿಸಿ.

ಪ್ರಶ್ನೆ ಕೇಳಿದವರು:
ಸೋಮವಾರ ಹೋಗುತ್ತೇವೆ. ಇಂದು ಗಂಜಿಗೆ ಉಪ್ಪು ಬಿದ್ದಿದೆ. ನೆಲನೆಲ್ಲಿಯ ಮಾತನ್ನು ಅಮ್ಮನೊಡನೆ ಇನ್ನೂ ಎತ್ತಿಲ್ಲ.