ಸಕಲೇಶಪುರ ಘಾಟಿಯ ರೈಲು ಮಾದರಿ: ಮೊದಲು ಏನನ್ನು ನಿಗದಿಪಡಿಸಬೇಕು?

ಪ್ರಶ್ನೆ: ನಮ್ಮ ಬಳಗದ ಸದಸ್ಯರು ಮನೆಯಲ್ಲೇ ಒಂದೊಂದು ಹಲಗೆಯನ್ನು ಸಿದ್ಧಪಡಿಸಿ, ಬಳಿಕ ಎಲ್ಲವನ್ನೂ ಜೋಡಿಸಿ ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗವನ್ನು ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ (ನಿಜದ ಗಾತ್ರದ 87ನೇ ಒಂದು ಪಾಲು), ನಿರ್ಮಿಸಬೇಕೆಂದಿದ್ದಾರೆ. ಘಾಟಿಯ 1:50ರ ಏರನ್ನು (50 ಮೀಟರ್ ಸಾಗಿದರೆ ಒಂದು ಮೀಟರ್ ಏರಿಕೆ) ಹಾಗೆಯೇ ಉಳಿಸಿಕೊಳ್ಳಬಹುದೇ?

ಉತ್ತರ: ಏರಿಗಿಂತ ಮೊದಲು ಹಲಗೆಗಳ ತುದಿಗಳನ್ನು ನಿಗದಿಪಡಿಸಿ. ನೆಲದಿಂದ ಹಳಿಯ ಎತ್ತರ, ಅಂಚಿನಿಂದ ಹಳಿಗಿರುವ ದೂರ, ಬೋಲ್ಟಿನ ರಂಧ್ರಗಳು, ವೈರಿನ ಕನೆಕ್ಟರ್ ಇವೆಲ್ಲ ಒಂದೇ ಆಗಿದ್ದರೆ ಮಾತ್ರ ಯಾವ ಹಲಗೆಯನ್ನು ಯಾವುದರ ಪಕ್ಕದಲ್ಲಾದರೂ ಇಡಬಹುದು. 1:50 ಎಂದರೆ 120 ಸೆಂ.ಮೀ. ಉದ್ದದ ಹಲಗೆಗೆ 2.4 ಸೆಂ.ಮೀ. ಏರು, ಹತ್ತು ಹಲಗೆಗಳಿಗೆ 24 ಸೆಂ.ಮೀ. ಆಗ ಹಲಗೆಗಳ ಕ್ರಮವನ್ನು ಬದಲಿಸುವಂತಿಲ್ಲ. ಹಳಿಯನ್ನು ಸಮತಟ್ಟಾಗಿಯೇ ಇಟ್ಟು ಕಣಿವೆಯನ್ನು ಕೆಳಕ್ಕೆ ಕೊರೆದರೆ ನೋಡುವವರಿಗೆ ಘಾಟಿಯೇ ಕಾಣುತ್ತದೆ.

ಮತ್ತೊಂದು ಉತ್ತರ: ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಯಾವ ಕಾಲದ ಮಾರ್ಗವೆಂಬುದೂ ತೀರ್ಮಾನವಾಗಲಿ. ಎಚ್‌ಒದ 16.5 ಮಿ.ಮೀ. ಹಳಿ 1435 ಮಿ.ಮೀ. ಗೇಜಿಗೆ (ಎರಡು ಹಳಿಗಳ ನಡುವಿನ ಅಂತರ) ಹೊಂದುವಂಥದ್ದು, ನಮ್ಮ 1676 ಮಿ.ಮೀ. ಬ್ರಾಡ್‌ಗೇಜಿಗೆ 19 ಮಿ.ಮೀ.ಗಿಂತ ತುಸು ಹೆಚ್ಚೇ ಬೇಕು. 16.5 ಮಿ.ಮೀ.ಗೆ ಪಾಯಿಂಟುಗಳು (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಜೋಡಣೆ) ಸಿದ್ಧವಾಗಿ ಸಿಗುವುದರಿಂದ ಈ ಕೊರತೆಯನ್ನು ಸಹಿಸಿಕೊಳ್ಳುವುದೇ ಲೇಸು. ಹಳೆಯ ಮೀಟರ್‌ಗೇಜ್ ಕಾಲವನ್ನು ಆರಿಸಿದರೆ 12 ಮಿ.ಮೀ. ಹಳಿ ಬಹುಮಟ್ಟಿಗೆ ಸರಿಹೊಂದುತ್ತದೆ, ಆದರೆ ಬೋಗಿಗಳನ್ನು ನೀವೇ ಮಾಡಿಕೊಳ್ಳಬೇಕಾದೀತು.

ಮೂರನೆಯ ಉತ್ತರ: ತಿರುವುಗಳ ಬಗ್ಗೆ ಯಾರೂ ಹೇಳಲಿಲ್ಲ. ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿ ಈ ಅಳತೆಯಲ್ಲಿ ಸುಮಾರು 24.5 ಸೆಂ.ಮೀ. ಉದ್ದವಿರುವುದರಿಂದ, ತ್ರಿಜ್ಯವನ್ನು 75 ಸೆಂ.ಮೀ.ಗಿಂತ ಕಡಿಮೆ ಮಾಡಬೇಡಿ.